ಘಾನಾ ದಾರಿಯಲ್ಲಿ ಅರ್ಧ ಮೊಟ್ಟೆ

ಮನೆಯಲ್ಲಿ ಒಂದು ಕಾಗದ ಹುಡುಕಲು ಹೊರಟರೆ ಆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ ಎಂಬುದು ನಿಮಗೂ ಗೊತ್ತಿರುವ ಸಂಗತಿಯೇ. ಮೊನ್ನೆ ಬ್ಯಾಂಕಿನವರು ಅಮ್ಮನ ಆಧಾರ್ ಕಾರ್ಡಿನ ಝೆರಾಕ್ಸ್ ಕೇಳಿದರೆಂದು ಭಾನುವಾರ ಬೆಳಿಗ್ಗೆ ಕಬ್ಬಿಣದ ಕಪಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಅಪ್ಪ ಅಂಬರನಾಥದ ಕಾರ್ಖಾನೆಗೆ ಹೋಗಿಬರುತ್ತಿದ್ದ ಕಾಲದ ರೈಲಿನ ಪಾಸು ಸಿಕ್ಕಿತು. ನನ್ನ ಏಳನೇ ತರಗತಿಯ ಪ್ರಗತಿಪತ್ರ ಸಿಕ್ಕಿತು. ಅದರಲ್ಲಿ ಗಣಿತದ ಅಂಕವನ್ನು ಯಾರೋ ನೀಲಿ ಶಾಯಿಯಲ್ಲಿ ತಿದ್ದಿದ್ದಾರೆ, ಯಾರೆಂದು ಹೇಳುವ ಅಗತ್ಯವಿಲ್ಲ. ತಂಗಿ ವಿದ್ಯಾಳ ಮದುವೆಯ ಕರೆಯೋಲೆ ಸಿಕ್ಕಿತು. ಅದರ ಕೆಳಗೆ, ಪ್ಲಾಸ್ಟಿಕ್ ಚೀಲದೊಳಗೆ, ಅಂಗೈ ಅಗಲದ ಒಂದು ಹಳದಿ ಪುಸ್ತಿಕೆ ಸಿಕ್ಕಿತು. ಆಧಾರ್ ಮಾತ್ರ ಸಿಗಲಿಲ್ಲ.

ಹುಡುಕಾಟವನ್ನು ಅಲ್ಲಿಗೇ ಬಿಟ್ಟು ಆ ಪುಸ್ತಿಕೆ ಹಿಡಿದುಕೊಂಡು ಕೂತೆ. ಪಶ್ಚಿಮ ಆಫ್ರಿಕಾದ ಘಾನಾ ದೇಶಕ್ಕೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಅದಕ್ಕೆ ಸಾಕ್ಷಿಯಾಗಿ ಇದನ್ನು ಪಾಸ್‌ಪೋರ್ಟಿನ ಜೊತೆಗೆ ಇಟ್ಟುಕೊಳ್ಳಬೇಕು. ಒಳಗೆ ಅಮ್ಮನ ಹೆಸರು, ಡಾಕ್ಟರ ಸಹಿ, ಒಂದು ದುಂಡು ಮೊಹರು. ನಮ್ಮ ಅಮ್ಮ ಘಾನಾಕ್ಕೆ ಹೋಗಿಬಂದವಳು ಎಂದರೆ ಮುಂಬೈ ಹೊರವಲಯದ ನಮ್ಮ ಡೊಂಬಿವಲಿಯ ಜನ ಈಗಲೂ ನನ್ನ ಮುಖ ನೋಡುತ್ತಾರೆ. ತಪ್ಪು ಅವರದಲ್ಲ. ರೈಲ್ವೆ ಸೇತುವೆ ದಾಟಿ ಪೂರ್ವದಿಂದ ಪಶ್ಚಿಮಕ್ಕೆ ಹೋಗಬೇಕೆಂದರೆ 'ಅಷ್ಟು ದೂರ ಯಾರು ಹೋಗ್ತಾರೆ ಮಾರಾಯ' ಎನ್ನುವವಳು ಅವಳು. ಅವಳ ಲೆಕ್ಕದಲ್ಲಿ ದೂರ ಎಂದರೆ ಉಡುಪಿ; ಮಧ್ಯಾಹ್ನ ಬಸ್ಸು ಹತ್ತಿದರೆ ಮರುದಿನ ಬೆಳಿಗ್ಗೆ. ಘಾನಾ ಎಷ್ಟು ದೂರ ಎಂದು ಅವಳು ಕೇಳಿದಾಗ "ಒಂದು ನಾಲ್ಕು ಉಡುಪಿ ಆಗಬಹುದು" ಎಂದಿದ್ದೆ. ಒಂಬತ್ತು ಎನ್ನಲು ಧೈರ್ಯ ಬರಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ಮನೆಯಲ್ಲಿ ಆಡುವುದು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮನ ಬೈಗುಳದ ಖಾರ ಎಲ್ಲಾದರೂ ಕಡಿಮೆ ಎನಿಸಿದರೆ ಅದು ನನ್ನ ಕೈಗುಣವೇ ಹೊರತು ಅವಳದಲ್ಲ.

ವಿದ್ಯಾ ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಅವಳ ಗಂಡ ರವಿ ಭಾವ ಮದುವೆಯಾದಾಗ ಉಲ್ಹಾಸನಗರದ ಪ್ಲಾಸ್ಟಿಕ್ ಬಕೆಟಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದರು. ಅದರ ಸಿಂಧಿ ಮಾಲೀಕರ ದಾಯಾದಿಗಳು ಘಾನಾದಲ್ಲಿ ಅದೇ ಬಕೆಟಿನ ವ್ಯಾಪಾರ ಇಟ್ಟಿದ್ದರು. ಉಲ್ಹಾಸನಗರದ ಯಾವ ಗಲ್ಲಿಗೆ ಹೋಗಿ ಕೇಳಿದರೂ ಒಬ್ಬ ಚಿಕ್ಕಪ್ಪ ನೈಜೀರಿಯಾದಲ್ಲೋ ಒಬ್ಬ ಭಾವಮೈದ ಘಾನಾದಲ್ಲೋ ಇದ್ದೇ ಇರುತ್ತಾನೆ. ಹಾಗಾಗಿ ನಾವು ಹೌಹಾರಿದಷ್ಟು ಮಾಲೀಕರು ಹೌಹಾರಲಿಲ್ಲ. "ಬಾಜೂ ಮೇ ಹೀ ಹೈ" ಎಂದು, ಪಕ್ಕದ ಕಲ್ಯಾಣಕ್ಕೆ ಕಳಿಸುವವರಂತೆ ಮದುವೆಯಾದ ಎರಡೇ ವರ್ಷದಲ್ಲಿ ಇಬ್ಬರನ್ನೂ ಟೆಮಾ ಎಂಬ ಬಂದರು ಊರಿಗೆ ಕಳಿಸಿಬಿಟ್ಟರು.

ಅಲ್ಲಿ ವಿದ್ಯಾ ಮೊದಲ ಸಲ ಬಸುರಾದಾಗ ಐದನೇ ತಿಂಗಳಲ್ಲಿ ಮಗು ಉಳಿಯಲಿಲ್ಲ. ಸುದ್ದಿ ಬಂದದ್ದು ಫೋನಿನಲ್ಲಿ, ಅದೂ ನಡುನಡುವೆ ಕತ್ತರಿಸಿ ಹೋಗುವ ಫೋನಿನಲ್ಲಿ. "ಅಮ್ಮ, ನೀನು ಬಾ" ಎಂದು ವಿದ್ಯಾ ಅಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿತ್ತು. ಹೋಗುವುದು ಹೇಗೆ? ಅಮ್ಮನ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಷ್ಟು ಅಳದ ಅಮ್ಮ ಆ ದಿನ ಅಡುಗೆಮನೆಯ ಕಟ್ಟೆಗೆ ತಲೆ ಆನಿಸಿ ಅತ್ತಳು. ಮರುದಿನ ಬೆಳಿಗ್ಗೆ ಮಿಂದು, ಕುಂಕುಮವಿಲ್ಲದ ಹಣೆಗೆ ಗೋಪೀಚಂದನ ಇಟ್ಟುಕೊಂಡು, ನನ್ನೆದುರು ನಿಂತು "ಎಲ್ಲಿ ಫೋಟೋ ತೆಗೀಲಿಕ್ಕೆ ಉಂಟು ತೆಗೆಸು, ನಂಗೆ ಪಾಸ್‌ಪೋರ್ಟ್ ಆಗ್ಬೇಕು" ಎಂದಳು.

ಎರಡನೇ ಸಲ ವಿದ್ಯಾ ಬಸುರಾದಾಗ ಅಲ್ಲಿನ ಡಾಕ್ಟರು ಮೊದಲೇ ಹೇಳಿಬಿಟ್ಟರು, ಹೆರಿಗೆಯಾಗುವವರೆಗೆ ವಿಮಾನದ ಸುದ್ದಿ ಬೇಡ ಎಂದು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಸಂಪ್ರದಾಯ ನಮ್ಮದು. ಮಗಳು ತವರಿಗೆ ಬರುವಂತಿಲ್ಲ ಎಂದಾದ ಮೇಲೆ ತವರೇ ಮಗಳಿದ್ದಲ್ಲಿಗೆ ಹೋಗಬೇಕು. ಅಮ್ಮನ ಮಟ್ಟಿಗೆ ಇದರಲ್ಲಿ ಚರ್ಚೆಗೆ ಏನೂ ಉಳಿದಿರಲಿಲ್ಲ. ಫೋನಿನಲ್ಲಿ ಅವಳು ಮಗಳಿಗೆ ಮಾತು ಕೊಟ್ಟದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. "ಈ ಸಲ ನೋವು ಬರುವಾಗ ನಿನ್ನ ಕೈ ಹಿಡಿದುಕೊಂಡು ನಾನಿರ್ತೇನೆ. ನೀನು ಹೆದರ್ಬೇಡ." ಪ್ರವಾಸದ ತಯಾರಿಯ ಹೊಣೆ ಮಾತ್ರ ನನ್ನ ಮೇಲೆ ಬಿತ್ತು.

ಯಾವ ಕೆಲಸವನ್ನಾದರೂ ಅಚ್ಚುಕಟ್ಟಾಗಿ ಯೋಜಿಸುವವನೆಂಬ ಹೆಸರು ಆಗ ನನಗಿತ್ತು. ಐರೋಲಿಯ ಕಚೇರಿಯಲ್ಲಿ ನನ್ನ ಕೆಲಸವೇ ಬೇರೆಯವರ ಕೆಲಸಕ್ಕೆ ವೇಳಾಪಟ್ಟಿ ಹಾಕುವುದು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಪ್ಲಾಟ್‌ಫಾರ್ಮ್ ಬದಲಿಸಿ ಐರೋಲಿಯ ಗಾಡಿ. ಆ ಖಾಲಿ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತು ಒಂದು ನೋಟುಬುಕ್ಕಿನಲ್ಲಿ ಘಾನಾದ ಪಟ್ಟಿಗಳನ್ನು ಬರೆಯುತ್ತಿದ್ದೆ. ವೀಸಾದ ಪಟ್ಟಿ, ಸಾಮಾನಿನ ಪಟ್ಟಿ, ದುಬೈಯಲ್ಲಿ ವಿಮಾನ ಬದಲಿಸುವಾಗ ಅಮ್ಮ ಯಾರಿಗೆ ಏನು ಹೇಳಬೇಕೆಂಬ ಪಟ್ಟಿ. ಕೊನೆಗೆ ಪಟ್ಟಿಗಳದ್ದೇ ಒಂದು ಪಟ್ಟಿ ಮಾಡಿದ್ದೆ. ನನ್ನ ಹೆಂಡತಿ ಸುಜಾತ ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ, ಅವಳ ಕನ್ನಡಕ್ಕೆ ಮರಾಠಿಯ ಒಗ್ಗರಣೆ. "ಅಹೋ, ಬಾಳಂತಪಣ ಮಾಡ್ಲಿಕ್ಕೆ ಹೋಗೋದು ಅತ್ತೆ, ಟೆನ್ಶನ್ ಎಲ್ಲ ನಿಮ್ಗೇ ಬಂದಿದೆ" ಎಂದು ನಗುತ್ತಿದ್ದಳು.

ಅಮ್ಮನ ತಯಾರಿಗೆ ನೋಟುಬುಕ್ಕು ಬೇಕಿರಲಿಲ್ಲ. ಬಾಣಂತಿ ಲೇಹ್ಯದ ಡಬ್ಬಿ, ಒಣಶುಂಠಿ, ಓಮ, ಹಿಪ್ಪಲಿ, ಬಜೆ, ಕಾಳುಮೆಣಸು, ಊರಿನಿಂದ ತರಿಸಿದ ತೆಂಗಿನೆಣ್ಣೆ, ಕುಚ್ಚಲಕ್ಕಿ. ಮಗುವಿಗೆ ಹಾಸಲು ತನ್ನ ಹಳೆಯ ಹತ್ತಿ ಸೀರೆಗಳನ್ನು ಕತ್ತರಿಸಿ, ಒಗೆದು, ಮತ್ತೊಮ್ಮೆ ಒಗೆದು ಮಡಚಿಟ್ಟಳು. ಬಜೆ ತೇಯಲು ಒಂದು ಸಾಣೆಕಲ್ಲು. "ಕಲ್ಲು ಆ ದೇಶದಲ್ಲೂ ಇರ್ತದಮ್ಮ" ಎಂದೆ. "ಇರ್ಬಹುದು, ನಾನು ನೋಡಿಲ್ಲ" ಎಂದಳು. ನಾವು ದೊಡ್ಡ ಸೂಟ್‌ಕೇಸು ಕೊಳ್ಳಲು ಉಲ್ಹಾಸನಗರಕ್ಕೆ ಹೋದೆವು. ಅಂಗಡಿಯವರು ಎಲ್ಲಿಗೆ ಪ್ರಯಾಣ ಎಂದು ಕೇಳಿದರು. ನಾನು ಹೇಳಿದೆ. ನೀವು ಊಹಿಸಿದ್ದು ಸರಿ, ಅವರ ಭಾವಮೈದನೂ ಅಲ್ಲೇ ಇದ್ದ.

"ಮಾಜೀ, ಮತ್ತೇನು ಒಯ್ಯುತ್ತೀರಿ?" ಎಂದು ಅವರು ಹಿಂದಿಯಲ್ಲಿ ವಿಚಾರಿಸಿದರು.

"ತೆಂಗಿನಕಾಯಿ" ಎಂದಳು ಅಮ್ಮ. "ಹನ್ನೆರಡು. ಸುಲಿದು ಇಟ್ಟಿದ್ದೇನೆ."

ಅಂಗಡಿಯವರು ನಗು ತಡೆದುಕೊಂಡು, ಆ ದೇಶದ ಕಡಲ ತೀರದುದ್ದಕ್ಕೂ ತೆಂಗೇ ತೆಂಗು, ರಸ್ತೆ ರಸ್ತೆಯಲ್ಲಿ ಎಳನೀರು ಮಾರುತ್ತಾರೆ ಎಂದು ವಿವರಿಸಿದರು. ಅಮ್ಮ ಪೂರ್ತಿ ಕೇಳಿದಳು. ಮನೆಗೆ ಬಂದು ಹನ್ನೆರಡರಲ್ಲಿ ಎಂಟು ಕಾಯಿ ತೆಗೆದಿಟ್ಟಳು. ನಾಲ್ಕನ್ನು ಬಿಡಲಿಲ್ಲ. ಅಲ್ಲಿಯ ಕಾಯಿ ಚಟ್ನಿಗೆ ಹೇಗೋ ಏನೋ ಎಂಬುದು ಅವಳ ಶಂಕೆ.

ಈಗ ಮೊಟ್ಟೆಯ ವಿಷಯಕ್ಕೆ ಬರಬೇಕು. ನಮ್ಮ ಮನೆಯಲ್ಲಿ ಆ ಶಬ್ದಕ್ಕೂ ಪ್ರವೇಶವಿರಲಿಲ್ಲ. ನನಗೆ ಹತ್ತು ವರ್ಷವಾಗಿದ್ದಾಗ, ನಾವಿನ್ನೂ ಚಾಳಿನಲ್ಲಿದ್ದ ಕಾಲ, ಶಾಲೆಯ ಗೆಳೆಯನೊಬ್ಬ ಸ್ಟೇಷನ್ನಿನ ಹೊರಗಿನ ಕೈಗಾಡಿಯಲ್ಲಿ ಆಮ್ಲೇಟ್ ಪಾವ್ ಕೊಡಿಸಿದ. ಕಾವಲಿಯ ಮೇಲೆ ಈರುಳ್ಳಿ, ಹಸಿಮೆಣಸು ಬಿದ್ದು ಏಳುವ ಆ ಘಮ ನನ್ನನ್ನು ತಿಂಗಳುಗಟ್ಟಲೆ ಕಾಡಿತ್ತು. ತಿಂದೆ; ಕೈ ತೊಳೆದೆ; ಬಾಯಿಗೆ ಸೋಂಪು ಹಾಕಿಕೊಂಡೆ. ಎಲ್ಲ ಪಕ್ಕಾ ಯೋಜನೆ. ಮನೆಯ ಹೊಸ್ತಿಲು ದಾಟುವ ಮೊದಲೇ ಏಳು ವರ್ಷದ ವಿದ್ಯಾ ನನ್ನ ಅಂಗಿ ಮೂಸಿ "ಅಮ್ಮಾ, ಅಣ್ಣ ಎಂಥದೋ ತಿಂದು ಬಂದಿದ್ದಾನೆ" ಎಂದು ಸಾರಿದಳು. ಅಮ್ಮ ಹೊಡೆಯಲಿಲ್ಲ. ಮೋರಿಯಲ್ಲಿ, ಅಂದರೆ ಮನೆಯೊಳಗಿನ ಬಚ್ಚಲಲ್ಲಿ ನಿಲ್ಲಿಸಿ, ಡಿಸೆಂಬರ್ ತಿಂಗಳ ತಣ್ಣೀರನ್ನು ಏಳು ತಂಬಿಗೆ ಸುರಿದು, ಪಂಚಗವ್ಯ ಕುಡಿಸಿದಳು. ನಾನು ನಡುಗುವುದನ್ನು ನೋಡಿ ವಿದ್ಯಾ ತಾನೇ ಅಳಲು ಶುರುಮಾಡಿ, ತನ್ನ ಟವೆಲು ತಂದು ಹೊದಿಸಿದಳು. ನನ್ನ ತಂಗಿ ಇಂದಿಗೂ ಅಂಥವಳೇ. ಮೊದಲು ಸಿಕ್ಕಿಸಿ ಹಾಕುತ್ತಾಳೆ, ಆಮೇಲೆ ಟವೆಲು ತರುತ್ತಾಳೆ.

ಮೊಟ್ಟೆಯಿಂದ ತಪ್ಪಿಸಿಕೊಳ್ಳುವುದು ನಮ್ಮಂಥವರಿಗೆ ಒಂದು ವಿದ್ಯೆಯೇ ಆಗಿಬಿಟ್ಟಿದೆ. ಮಗನ ಹುಟ್ಟುಹಬ್ಬದ ಕೇಕಿಗೆ ಹೋದರೆ ಅಂಗಡಿಯವನಿಗೆ 'ಎಗ್‌ಲೆಸ್' ಎಂದು ಮೂರು ಸಲ ಹೇಳುತ್ತೇವೆ, ನಾಲ್ಕನೇ ಸಲ ಅವನ ಬಾಯಿಂದ ಹೇಳಿಸುತ್ತೇವೆ. ಐರೋಲಿಯ ಕಚೇರಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯರೊಬ್ಬರು ನಾಲ್ಕಾರು ದೇಶ ತಿರುಗಿದವರು. ಅವರದೊಂದು ಉಪದೇಶವಿತ್ತು: "ಪರದೇಶದವರಿಗೆ ನಾವು ತಿನ್ನೋಲ್ಲ ಅಂದ್ರೆ ತಲೆಗೆ ಹೋಗೋದಿಲ್ಲ ರಘು. ಅಲರ್ಜಿ ಅನ್ನಬೇಕು. ಅಲರ್ಜಿ ಅಂದ್ರೆ ಹೆದರ್ತಾರೆ, ತಟ್ಟೆಯಿಂದ ತೆಗೀತಾರೆ. ಯಾವ ಫಾರ್ಮಿನಲ್ಲಿ ಮೊಟ್ಟೆ ಅಂತ ಕಂಡರೂ ಕಣ್ಣು ಮುಚ್ಚಿ ಅಲರ್ಜಿ ಅಂತ ಹಾಕು." ಅಮ್ಮನ ವಿಮಾನದ ಊಟದ ಫಾರ್ಮಿನಲ್ಲಿ ನಾನು ಹಾಗೇ ಹಾಕಿದ್ದೆ.

ಅದೇ ವಾರ ಚುಚ್ಚುಮದ್ದಿನ ಫಾರ್ಮೂ ಕೈಗೆ ಬಂತು. ಆ ಮದ್ದು ಎಲ್ಲ ಕಡೆ ಸಿಗುವುದಿಲ್ಲ. ಮುಂಬೈಯ ಒಂದು ಸರ್ಕಾರಿ ಕೇಂದ್ರದಲ್ಲಿ, ನಮ್ಮ ಪಾಳಿಗೆ ಸಿಕ್ಕಂತೆ, ವಾರಕ್ಕೊಮ್ಮೆ, ಮಂಗಳವಾರ ಮಾತ್ರ. ಹಾಕಿಸಿಕೊಂಡ ಹತ್ತು ದಿನದ ನಂತರವಷ್ಟೇ ಪ್ರಯಾಣಕ್ಕೆ ಅದು ಲೆಕ್ಕಕ್ಕೆ ಬರುತ್ತದೆ. ಫಾರ್ಮಿನ ಮಧ್ಯದಲ್ಲಿ ಒಂದು ಸಾಲಿತ್ತು: ಮೊಟ್ಟೆಯ ಅಲರ್ಜಿ ಇದೆಯೇ? ನಾನು ಕಣ್ಣು ಮುಚ್ಚಲಿಲ್ಲ, ಕಣ್ಣು ತೆರೆದೇ 'ಹೌದು' ಎಂಬಲ್ಲಿ ದಪ್ಪಗೆ ಗುರುತು ಹಾಕಿದೆ. ಕೇಕಿನಲ್ಲಿ ಇರುವಂತೆ ಮದ್ದಿನಲ್ಲೂ ಮೊಟ್ಟೆಯಿಲ್ಲದ್ದೊಂದು ಬಗೆ ಇರುತ್ತದೆ, ಅಮ್ಮನಿಗೆ ಅದನ್ನೇ ಕೊಡುತ್ತಾರೆ ಎಂಬುದು ನನ್ನ ತರ್ಕ. "ಡಾಕ್ಟರ್‌ನ ಒಂದ್ಸಲ ವಿಚಾರಿಸಿ ಹಾಕಿ" ಎಂದಳು ಸುಜಾತ. ಇಷ್ಟು ಸಣ್ಣ ವಿಷಯಕ್ಕೆ ಡಾಕ್ಟರೇ ಎಂದೆ. ಅಮ್ಮ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದಳು.

ಮಂಗಳವಾರ ಬೆಳಿಗ್ಗೆ ಆರಕ್ಕೇ ಹೋಗಿ ಸಾಲಿನಲ್ಲಿ ಕೂತೆವು. ಹಡಗಿನ ಕೆಲಸಕ್ಕೆ ಹೋಗುವ ಹುಡುಗರು, ವ್ಯಾಪಾರಿಗಳು, ನಡುವೆ ಗೋಪೀಚಂದನದ ನಮ್ಮ ಅಮ್ಮ. ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತನಾಡುವವರು. ಫಾರ್ಮು ನೋಡಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಮುಂದಿನದೆಲ್ಲ ಹಿಂದಿಯಲ್ಲೇ ನಡೆಯಿತು.

"ಮೊಟ್ಟೆ ತಿಂದರೆ ಏನಾಗುತ್ತದೆ ಇವರಿಗೆ? ಉಸಿರು ಕಟ್ಟುತ್ತದೆಯೇ? ಮೈಮೇಲೆ ಗಂದೆ ಏಳುತ್ತದೆಯೇ?"

"ತಿಂದೇ ಇಲ್ಲ ಸಾರ್. ನಾವು ಶುದ್ಧ ಶಾಕಾಹಾರಿಗಳು."

"ಜನ್ಮದಲ್ಲಿ ಒಮ್ಮೆಯೂ ತಿಂದಿಲ್ಲವೇ? ಹಾಗಾದರೆ ಅಲರ್ಜಿ ಎಂದು ಹೇಗೆ ಗೊತ್ತಾಯಿತು?"

ನಾನು ನನ್ನ ತರ್ಕವನ್ನು ವಿವರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. "ಭಾಯಿಸಾಬ್, ಇದು ಕೇಕಿನ ಅಂಗಡಿಯಲ್ಲ" ಎಂದರು. ನಮ್ಮ ಹಿಂದೆ ನಿಂತಿದ್ದ ಹಡಗಿನ ಹುಡುಗರು ಗೊಳ್ಳೆಂದು ನಕ್ಕರು. ಆಮೇಲೆ ಡಾಕ್ಟರು ತಾಳ್ಮೆಯಿಂದ ತಿಳಿಸಿ ಹೇಳಿದರು. ಈ ಮದ್ದನ್ನು ಬೆಳೆಸುವುದೇ ಕೋಳಿಮೊಟ್ಟೆಯಲ್ಲಿ, ಬೇರೆ ಬಗೆ ಎಂಬುದಿಲ್ಲ. ನಿಜವಾದ ಅಲರ್ಜಿ ಇದ್ದವರಿಗೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಇವರು ಒಮ್ಮೆಯೂ ತಿಂದವರಲ್ಲ, ಸಹಿ ಹಾಕಿದ ಕಾಗದದಲ್ಲಿ ಅಲರ್ಜಿ ಇದೆ ಎಂದಿದೆ. ಈಗ ಇಲ್ಲ ಎನ್ನುತ್ತೀರಿ, ಯಾವುದನ್ನು ನಂಬಲಿ? ಈ ವಾರ ನಿಮ್ಮ ಮನೆಯ ಡಾಕ್ಟರು ಹತ್ತಿರದಲ್ಲಿರುವಾಗ ಅರ್ಧ ಮೊಟ್ಟೆ ತಿನ್ನಿಸಿ ನೋಡಿ. ಏನೂ ಆಗದಿದ್ದರೆ ಅವರಿಂದ ಚೀಟಿ ತನ್ನಿ, ಮುಂದಿನ ಮಂಗಳವಾರ ಮೊದಲ ಸೂಜಿ ಇವರಿಗೇ.

ವಾಪಸು ಬರುವಾಗ ನಿಧಾನದ ಲೋಕಲ್ಲಿನಲ್ಲಿ ಅಮ್ಮನಿಗೆ ಕಿಟಕಿಯ ಸೀಟು ಸಿಕ್ಕಿತು. ಘಾಟ್ಕೋಪರ್ ದಾಟಿದರೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಠಾಣೆ ಬಂದಾಗ "ಅಂದ್ರೆ ತಿಂದ್ರೂ ಮೊಟ್ಟೆ, ಚುಚ್ಚಿಸಿಕೊಂಡ್ರೂ ಮೊಟ್ಟೆ" ಎಂದಳು. ಹೌದು ಎಂದೆ. ಕಳ್ವಾ, ಮುಂಬ್ರಾ, ದಿವಾ ಹೋದವು. ಕೋಪರ್ ಬಂದಾಗ ಸೆರಗು ಸರಿಮಾಡಿಕೊಂಡು "ಟಿಕೇಟು ಒಂದು ವಾರ ಮುಂದೆ ಹಾಕ್ಲಿಕ್ಕೆ ಆಗ್ತದಾ ನೋಡು" ಎಂದಳು. ಆಗ ನನಗೆ ಗೊತ್ತಾಯಿತು, ಅವಳು ನಿಶ್ಚಯಿಸಿಬಿಟ್ಟಿದ್ದಾಳೆ ಎಂದು. ಗಾಡಿಯ ಗದ್ದಲದಲ್ಲಿ ನನ್ನ ಕಣ್ಣು ತುಂಬಿದ್ದು ಯಾರಿಗೂ ಕಾಣಲಿಲ್ಲ.

ಸಂಜೆ ವಿದ್ಯಾಳ ಫೋನು ಬಂತು. "ಚುಚ್ಚಿಸಿಕೊಂಡಳಾ ಅಣ್ಣ? ಕೈ ಬಾತಿದೆಯಾ?" ಎಂದು ಕೇಳಿದಳು. ಅಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಒಂದು ಕ್ಷಣವೂ ತಡವರಿಸದೆ "ಇಲ್ಲ ಮಗಾ, ಇವತ್ತು ಡಾಕ್ಟ್ರು ರಜೆ ಅಂತೆ. ಬರುವ ಮಂಗಳವಾರ ಕೊಡ್ತಾರಂತೆ. ಒಂದು ವಾರ ಅಷ್ಟೇ" ಎಂದಳು. ಸುಳ್ಳು ಹೇಳಿದರೆ ನಾಲಗೆಗೆ ಹುಣ್ಣಾಗುತ್ತದೆ ಎಂದು ನಮ್ಮನ್ನು ಬೆಳೆಸಿದವಳು. ಫೋನು ಇಟ್ಟಮೇಲೆ ನನಗೆ ಹೇಳಿದಳು: "ಅವಳಿಗೆ ಏನೂ ಹೇಳ್ಬೇಡ. ನನ್ನಿಂದಾಗಿ ಅಮ್ಮ ಮೊಟ್ಟೆ ತಿನ್ನುವ ಹಾಗಾಯ್ತು ಅಂತ ಬಸುರಿ ಹೆಂಗ್ಸು ಕೊರಗ್ಬಾರ್ದು. ಅಣ್ಣ ಹೀಗೆ ಮಾಡಿದ ಅಂತಲೂ ಬೇಸರ ಆಗ್ಬಾರ್ದು."

ಮೊಟ್ಟೆ ಎಲ್ಲಿ ತಿನ್ನುವುದು? ನಮ್ಮ ಅಡುಗೆಮನೆಯಲ್ಲಿ ಸಾಧ್ಯವೇ ಇಲ್ಲ. ಮೇಲಿನ ಮಹಡಿಯಲ್ಲಿ ರೇವತಿಯಕ್ಕ ಇದ್ದರು, ಮೂಲ್ಕಿ ಕಡೆಯವರು. ಮೀನು, ಮೊಟ್ಟೆ ಎಲ್ಲ ನಡೆಯುವ ಮನೆ. ಅಮ್ಮ ಅವರ ಮನೆಯಲ್ಲಿ ಅದುವರೆಗೆ ನೀರು ಸಹ ಕುಡಿದಿರಲಿಲ್ಲ, ಆದರೆ ದಿನಕ್ಕೆರಡು ಸಲ ಮೆಟ್ಟಿಲಲ್ಲಿ ನಿಂತು ಲೋಕದ ಸುದ್ದಿಯೆಲ್ಲ ಹಂಚಿಕೊಳ್ಳುತ್ತಿದ್ದಳು. ವಿಷಯ ಕೇಳಿ ರೇವತಿಯಕ್ಕ ಸುಲಭದ ದಾರಿ ಹೇಳಿದರು. "ಅದಕ್ಕೆಂತ ಪದ್ಮಕ್ಕ, ಒಂದು ತುಂಡು ಕೇಕ್ ತಿನ್ನಿ. ಅದ್ರಲ್ಲಿ ಮೊಟ್ಟೆ ಉಂಟು ಅಂತ ಗೊತ್ತೇ ಆಗುದಿಲ್ಲ."

"ನಂಗೆ ಗೊತ್ತಾಗದ ಹಾಗೆ ತಿಂದ್ರೆ ದೇವರಿಗೂ ಗೊತ್ತಾಗುದಿಲ್ವಾ ರೇವತಿ?" ಎಂದಳು ಅಮ್ಮ. "ಕದ್ದು ತಿನ್ನುದು ಬೇಡ. ತಿನ್ನುದಾದ್ರೆ ಮೊಟ್ಟೆಯನ್ನೇ ತಿಂತೇನೆ."

ಆಮೇಲೆ ಅವಳು ಪಂಚಾಂಗ ತೆಗೆದಳು. ಏಕಾದಶಿ ಬೇಡ, ಅಪ್ಪನ ತಿಥಿಯ ವಾರ ಬೇಡ, ರಾಹುಕಾಲ ಬೇಡ. ಮೊಟ್ಟೆ ತಿನ್ನಲು ಮುಹೂರ್ತ ನೋಡಿದವರು ಬೇರೆ ಯಾರಾದರೂ ಇದ್ದಾರೆಯೇ, ನಾನು ಕೇಳಿಲ್ಲ. ಮಠದ ಭಟ್ಟರನ್ನು ಒಂದು ಮಾತು ಕೇಳೋಣವೇ ಎಂದೆ. "ಕೇಳಿದ್ರೆ ಬೇಡ ಅಂತಾರೆ. ಬೇಡ ಅಂದ ಮೇಲೆ ತಿಂದ್ರೆ ಪಾಪ ಹೆಚ್ಚು" ಎಂದಳು. ಶುಕ್ರವಾರ ಬೆಳಿಗ್ಗೆ ಹತ್ತೂವರೆ ಎಂದು ತೀರ್ಮಾನವಾಯಿತು. ಕಟ್ಟಡದ ಕೆಳಗೇ ಇದ್ದ ನಮ್ಮ ಡಾಕ್ಟರಿಗೆ ಹೇಳಿಟ್ಟು, ನಾನು ಕಚೇರಿಗೆ ರಜೆ ಹಾಕಿದೆ.

ರೇವತಿಯಕ್ಕ ಬೆಳಿಗ್ಗೆಯೇ ಮನೆ ಸಾರಿಸಿ, ಒಂದು ಹೊಸ ಪಾತ್ರೆಯಲ್ಲಿ ಮೊಟ್ಟೆ ಬೇಯಿಸಿದ್ದರು. ತಮ್ಮ ತಟ್ಟೆಯಲ್ಲಿ ಕೊಡಲಿಲ್ಲ. ಪೇಟೆಯಿಂದ ತರಿಸಿದ ಬಾಳೆಲೆಯ ಕುಡಿ ಹಾಸಿ, ಅದರ ಮೇಲೆ ಅರ್ಧ ಮೊಟ್ಟೆ ಇಟ್ಟು, ಪಕ್ಕದಲ್ಲಿ ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ ಇಟ್ಟರು. ಎಲೆಯ ಕೊನೆಯಲ್ಲಿ ಉಪ್ಪು ಬಡಿಸುವ ಕ್ರಮವನ್ನೂ ಅವರು ಬಿಟ್ಟಿರಲಿಲ್ಲ. ಅಮ್ಮ ಪೂರ್ವಕ್ಕೆ ಮುಖ ಮಾಡಿ ಕೂತಳು. ಸ್ವಲ್ಪ ಹೊತ್ತು ಎಲೆಯನ್ನೇ ನೋಡಿದಳು. "ಇದನ್ನು ಹೇಗೆ ತಿನ್ನುದು, ಹಳದಿ ಮೊದಲಾ ಬಿಳಿ ಮೊದಲಾ?" ಎಂದು ಕೇಳಿದಳು. ಹೇಗಾದರೂ ಆಗುತ್ತದೆ ಎಂದರು ರೇವತಿಯಕ್ಕ. ಅಮ್ಮ ನಾಲ್ಕು ತುಂಡು ಮಾಡಿ, ಒಂದೊಂದನ್ನೂ ಅಗಿದು ನುಂಗಿದಳು. ಕಣ್ಣು ಮುಚ್ಚಲಿಲ್ಲ, ಮುಖ ಹಿಂಡಲಿಲ್ಲ. ನಂತರ ಜೀವಮಾನದಲ್ಲಿ ಮೊದಲ ಬಾರಿಗೆ ಆ ಮನೆಯ ನೀರು ಕೇಳಿ ಕುಡಿದಳು. ರೇವತಿಯಕ್ಕ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡು ಬಂದರು.

ಎರಡು ಗಂಟೆ ನಾನು ಅಮ್ಮನ ಎದುರು ಕೂತು ಅವಳ ಕೈ, ಕುತ್ತಿಗೆ, ತುಟಿ ನೋಡುತ್ತಾ ಇದ್ದೆ. ಅವಳಿಗೆ ಒಂದು ಸೀನು ಬಂದರೂ ಡಾಕ್ಟರನ್ನು ಕರೆಯಲು ಎದ್ದು ನಿಲ್ಲುತ್ತಿದ್ದೆ. ಕೆಳಗಿನ ಡಾಕ್ಟರು ಒಮ್ಮೆ ಹತ್ತಿ ಬಂದು ನೋಡಿ ನಕ್ಕು ಚೀಟಿ ಬರೆದುಕೊಟ್ಟರು. ಒಂದು ಗಂದೆಯೂ ಏಳಲಿಲ್ಲ. ಮೆಟ್ಟಿಲಿಳಿಯುವಾಗ ಅಮ್ಮ ನನ್ನ ಭುಜ ಹಿಡಿದುಕೊಂಡು "ಇದನ್ನು ತಿನ್ಲಿಕ್ಕೆ ನೀನು ಅಷ್ಟು ಆಸೆ ಪಟ್ಟದ್ದಾ ಮಾರಾಯ? ಎಂಥ ರುಚಿಯೂ ಇಲ್ಲ" ಎಂದಳು. ಆಮ್ಲೇಟಿನ ರುಚಿಯೇ ಬೇರೆ ಎಂದು ಹೇಳಲು ಅದು ಸಮಯವಲ್ಲ. ಮನೆಗೆ ಬಂದವಳೇ ಮೋರಿಗೆ ಹೋಗಿ ತಲೆಗೆ ನೀರು ಸುರಿದುಕೊಂಡಳು. ತಂಬಿಗೆಯ ಸದ್ದು ನಾನು ಎಣಿಸಲಿಲ್ಲ.

ಮುಂದಿನ ಮಂಗಳವಾರ ಡಾಕ್ಟರು ಮಾತಿನಂತೆ ಮೊದಲ ಸೂಜಿಯನ್ನು ಅಮ್ಮನಿಗೇ ಹಾಕಿದರು. ಈ ಹಳದಿ ಪುಸ್ತಿಕೆಗೆ ಮೊಹರು ಒತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅಲ್ಲಿಂದ ಹನ್ನೆರಡನೇ ದಿನ ಅಮ್ಮ ನಾಲ್ಕು ತೆಂಗಿನಕಾಯಿ, ಒಂದು ಸಾಣೆಕಲ್ಲು, ನನ್ನ ಮೂರು ಪಟ್ಟಿಗಳ ಸಮೇತ ಒಬ್ಬಳೇ ವಿಮಾನ ಹತ್ತಿದಳು. ಹೆರಿಗೆಗೆ ಇನ್ನೂ ಎರಡು ವಾರವಿತ್ತು. ಒಂದು ವಾರ ಹಾಳಾದರೂ ಸುಧಾರಿಸಿಕೊಂಡೆವಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ಹೆರಿಗೆ ನನ್ನ ವೇಳಾಪಟ್ಟಿ ಓದಿರಲಿಲ್ಲ. ಅಮ್ಮ ದುಬೈಯಲ್ಲಿ, ನನ್ನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮುಂದಿನ ವಿಮಾನಕ್ಕಾಗಿ ಕಾಯುತ್ತಾ ಕೂತಿದ್ದ ಹೊತ್ತಿನಲ್ಲಿ ಅಲ್ಲಿ ವಿದ್ಯಾಳಿಗೆ ನೋವು ಶುರುವಾಯಿತು. ರವಿ ಭಾವ ಕಾರ್ಖಾನೆಯಿಂದ ಓಡಿ ಬಂದರು. ಕೈ ಹಿಡಿದುಕೊಂಡದ್ದು ಪಕ್ಕದ ಮನೆಯ ಹೆಂಗಸು, ಆ ಊರಿನವರೇ, ಒಂದು ಪದ ಕನ್ನಡವಾಗಲಿ ತುಳುವಾಗಲಿ ತಿಳಿಯದವರು. ವಿದ್ಯಾ ಅಮ್ಮಾ ಅಮ್ಮಾ ಎಂದು ಕೂಗಿದ್ದಕ್ಕೆ ಅವರು ತಮ್ಮ ಭಾಷೆಯಲ್ಲೇ ಏನೇನೋ ಸಮಾಧಾನ ಹೇಳುತ್ತಿದ್ದರಂತೆ. ಅಮ್ಮ ವಿಮಾನ ಇಳಿದು ಆಸ್ಪತ್ರೆಗೆ ಬರುವಾಗ ಹೆಣ್ಣುಮಗುವಿಗೆ ಐದು ಗಂಟೆ ವಯಸ್ಸಾಗಿತ್ತು.

ತಾಯಿ, ಮಗು ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಅಮ್ಮ ಫೋನಿನಲ್ಲಿ "ಹೆರಿಗೆಗೆ ಸಿಕ್ಕಲಿಲ್ಲ, ಬಾಣಂತನಕ್ಕೆ ಸಿಕ್ಕಿದೆನಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಮೂರು ತಿಂಗಳು ಅಲ್ಲಿದ್ದಳು. ಆ ಪಕ್ಕದ ಮನೆಯವರ ಹಿತ್ತಲಲ್ಲಿ ಕೆಸುವಿನಂಥದೇ ಎಲೆ ಕಂಡು, ಅವರು ಅದನ್ನು ಬೇಯಿಸಿ ಪಲ್ಯ ಮಾಡುವುದನ್ನು ನೋಡಿ, ಎಲೆ ಕೇಳಿ ತಂದು ಪತ್ರೊಡೆ ಮಾಡಿ ಅವರಿಗೇ ಹಂಚಿದಳು. ಅಲ್ಲಿಯ ತೆಂಗಿನಕಾಯಿ ಚಟ್ನಿಗೆ ಚೆನ್ನಾಗಿ ಆಗುತ್ತದೆ ಎಂದು ಒಂದು ತಿಂಗಳಾದ ಮೇಲೆ ಒಪ್ಪಿಕೊಂಡಳು. ಮೊಟ್ಟೆಯನ್ನು ಮಾತ್ರ ಮತ್ತೆಂದೂ ಮುಟ್ಟಲಿಲ್ಲ.

ಹನ್ನೊಂದು ವರ್ಷವಾಯಿತು. ವಿದ್ಯಾ ಎರಡು ವರ್ಷಕ್ಕೊಮ್ಮೆ ಡೊಂಬಿವಲಿಗೆ ಬರುತ್ತಾಳೆ, ಬಂದಾಗಲೆಲ್ಲ ಆ ಡಾಕ್ಟರಿಗೆ ಬೈಯುತ್ತಾಳೆ. "ಆ ಮನುಷ್ಯನಿಗೆ ಅದೇ ದಿನ ರಜೆ ಹಾಕ್ಬೇಕಿತ್ತಾ? ಒಂದು ದಿನ ಕೆಲ್ಸಕ್ಕೆ ಬಂದಿದ್ರೆ ನನ್ನ ಅಮ್ಮ ನನ್ನ ಹತ್ರ ಇರ್ತಿದ್ಲು." ತಮಾಷೆಗೆ ಶುರುಮಾಡುತ್ತಾಳೆ, ಕೊನೆಯಲ್ಲಿ ದನಿ ಒಡೆಯುತ್ತದೆ. ನನಗೆ ಮಾತ್ರ ಹೊಗಳಿಕೆ: "ಅಣ್ಣ ಪಾಪ, ಎಷ್ಟು ಚೆಂದ ಪ್ಲಾನ್ ಮಾಡಿದ್ದ." ಕಳೆದ ಮೇ ತಿಂಗಳಲ್ಲಿ ಊಟಕ್ಕೆ ಕೂತಾಗ ಅವಳ ಮಗಳು, ಈಗ ದೊಡ್ಡ ಹುಡುಗಿ, ತನ್ನ ಇಂಗ್ಲಿಷ್ ಬೆರೆತ ತುಳುವಿನಲ್ಲಿ ಅಜ್ಜಿಯನ್ನು ನೇರ ಕೇಳಿಬಿಟ್ಟಳು, ನಾನು ಹುಟ್ಟುವಾಗ ನೀನ್ಯಾಕೆ ಇರಲಿಲ್ಲ ಎಂದು. ಅಮ್ಮ ನನ್ನ ಕಡೆ ನೋಡದೆ "ಡಾಕ್ಟ್ರು ರಜೆಯಲ್ಲಿದ್ರು ಮಗಾ" ಎಂದು ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಆಮೇಲೆ ಅಡುಗೆಮನೆಯಲ್ಲಿ ನಾನೊಬ್ಬನೇ ಸಿಕ್ಕಾಗ ತಗ್ಗಿದ ದನಿಯಲ್ಲಿ ಹೇಳಿದಳು: "ಎಷ್ಟು ಸಲ ಅಂತ ನಾನು ಅವ್ರ ತಲೆಗೆ ಕಟ್ಟುದು? ಪಾಪ, ಒಳ್ಳೆ ಜನ ಅವ್ರು."

ಇದನ್ನು ಬರೆಯುವ ಮೊದಲು ಅಮ್ಮನನ್ನು ಕೇಳಿದೆ. "ಬರಿ. ಆದ್ರೆ ನಾನು ಅಳ್ತಾ ತಿಂದೆ ಅಂತ ಸೇರಿಸ್ಬೇಡ. ನಾನು ಅತ್ತಿಲ್ಲ" ಎಂದಳು. ಅದು ನಿಜ, ಅವಳು ಅಳಲಿಲ್ಲ. ವಿದ್ಯಾ ಈಗ ಕನ್ನಡ ಓದುವುದೆಂದರೆ ನಾನು ಬರೆದದ್ದನ್ನು ಮಾತ್ರ, ಇದನ್ನೂ ಓದುತ್ತಾಳೆ.

ವಿದ್ಯಾ, ಆ ಮಂಗಳವಾರ ಡಾಕ್ಟರು ರಜೆ ಹಾಕಿರಲಿಲ್ಲ. ಬೆಳಿಗ್ಗೆಯೇ ಬಂದು ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಹನ್ನೊಂದು ವರ್ಷ ಅವರಿಗೆ ಬೈದದ್ದನ್ನೆಲ್ಲ ಇನ್ನು ನನಗೆ ಬೈ.